ಒಲ್ಲದ ಮನಸ್ಸಿನ ಕೊಡುಗೆ

ಕೈ ಕೊಟ್ಟರೂ ಮನಸ್ಸು ಕೊಡದಿದ್ದಾಗ ಅದನ್ನು ‘ಒಲ್ಲದ ಮನಸ್ಸಿನಿಂದ ಕೊಡುವುದು’ ಎನ್ನುತ್ತಾರೆ. ‘ಒಲ್ಲದ’ ಎಂಬುದು ‘ಒಲ್’ ಧಾತುವಿನ ನಿಷೇಧ ರೂಪ. ಒಲಿ, ಒಲವು, ಒಲುಮೆ ಕೂಡ ಅದೇ ಬೇರಿನವು. ‘ಒಲ್ಲೆ’ ಉತ್ತರ ಕರ್ನಾಟಕದ ದಿನಬಳಕೆಯ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ‘ಬ್ಯಾಡ’ ಎನ್ನುವವರೇ ಹೆಚ್ಚು. ಒಲ್ಲದ ಮನಸ್ಸು ಅಲ್ಲಿ ‘ಮನ್ಸಿಲ್ದ ಮನ್ಸು’ ಆಗುತ್ತದೆ.

ಜಿಪುಣ, ಜುಗ್ಗ, ಕೃಪಣ ಎಂಬ ಪದಗಳು ವ್ಯಕ್ತಿಯ ಸ್ವಭಾವವನ್ನು ಹೇಳುತ್ತವೆ. ಒಲ್ಲದ ಮನಸ್ಸು ಒಂದು ಹೊತ್ತಿನದು. ಕೊಡುಗೈಯವರೂ ಒಮ್ಮೊಮ್ಮೆ ಹಿಂದುಮುಂದು ನೋಡಿ ಕೊಟ್ಟಾರು. ಅಷ್ಟಕ್ಕೇ ಅವರನ್ನು ಜುಗ್ಗರೆಂದರೆ ಅನ್ಯಾಯ. ಪದಗಳ ಇಂಥ ಸೂಕ್ಷ್ಮಗಳನ್ನು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಬಿಡಿಸಿ ಹೇಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ (1913–2021) ಹೆಸರಿನ ‘ಜಿ’ ಶ್ರೀರಂಗಪಟ್ಟಣದ ಗಂಜಾಂ ಎಂಬುದು ಈ ಸೀಮೆಗೆ ಹೆಮ್ಮೆಯ ವಿಷಯ.

ಸುಗ್ಗಿಯಲ್ಲಿ ರಾಗಿ ಕಣಕ್ಕೆ ದಾಸಯ್ಯ ಬಂದಾಗ ಎರಡು ಬಗೆಯ ಕೊಡುವಿಕೆ ಕಣ್ಣಿಗೇ ಕಾಣುತ್ತದೆ. ಒಲಿದು ಕೊಡುವಾಕೆ ಮೊರದಲ್ಲಿ ಬಾಚಿ ಜೋಳಿಗೆಗೆ ಸುರಿಯುತ್ತಾಳೆ. ನೆಲಕ್ಕೆ ಚೆಲ್ಲಿದ್ದನ್ನು ಲೆಕ್ಕಕ್ಕೆ ತರುವುದಿಲ್ಲ. ಮನಸ್ಸಿಲ್ಲದವರು ಸೇರು ತುಂಬಿ, ಅಂಗೈಯಿಂದ ಅಂಚಿನ ಮಟ್ಟಕ್ಕೆ ಸವರಿ, ಸವರಿದ ಕಾಳನ್ನು ರಾಶಿಗೇ ಬಿಡುತ್ತಾರೆ. ಅಳತೆಯಲ್ಲಿ ತಪ್ಪಿಲ್ಲ, ಆದರೂ ಪಡೆದವನಿಗೆ ಅದು ತಿಳಿಯುತ್ತದೆ.

ಕೊಡಲೇಬೇಕಾದ ಕಟ್ಟುಪಾಡಿಗೆ ಕನ್ನಡದಲ್ಲಿ ಬೇರೆಯೇ ಕ್ರಿಯಾಪದವಿದೆ: ತೆರು. ತೆರಿಗೆ ಅದರಿಂದ ಹುಟ್ಟಿದ್ದು. 1792ರ ಶ್ರೀರಂಗಪಟ್ಟಣ ಒಪ್ಪಂದ ಇದಕ್ಕೆ ಚರಿತ್ರೆಯ ದೊಡ್ಡ ನಿದರ್ಶನ. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ, ನಿಜಾಮ ಮತ್ತು ಮರಾಠರ ಒತ್ತಡಕ್ಕೆ ಸಿಕ್ಕ ಟಿಪ್ಪು ಸುಲ್ತಾನ್ ಅರ್ಧದಷ್ಟು ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿದ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಇದನ್ನು ದಾನವೆನ್ನಲಾಗದು, ಜಿಪುಣತನದ ಮಾತಂತೂ ಇಲ್ಲಿ ಏಳುವುದೇ ಇಲ್ಲ. ‘ಒಲ್ಲದ ಮನಸ್ಸಿನಿಂದ ತೆತ್ತ’ ಎಂಬುದೇ ಸರಿಯಾದ ಬಳಕೆ.

ತೆರುವುದಕ್ಕೆ ತೀರಾ ಎದುರಾದದ್ದು ‘ಧಾರೆ ಎರೆದು ಕೊಡುವುದು’. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ‘ಧಾರಾಪೂರ್ವಕ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನೀರು ಬಿಟ್ಟು ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣನಿಗೆ ಮೈಸೂರಿನ ದೊರೆ ರಾಜ ಒಡೆಯರು ಅರ್ಪಿಸಿದ ರಾಜಮುಡಿ ಕಿರೀಟ ಒಲಿದು ಕೊಟ್ಟದ್ದಕ್ಕೆ ಒಳ್ಳೆಯ ಉದಾಹರಣೆ.

ಒಲ್ಲದ ಮನಸ್ಸಿಗೆ ಧಾರಾಳ, ಉದಾರ ಎಂಬುವನ್ನೂ ವಿರುದ್ಧಪದಗಳಾಗಿ ಬಳಸುವುದುಂಟು. ಆದರೆ ಧಾರಾಳವೆಂದರೆ ಮೊದಲು ನೆನಪಾಗುವುದು ಕೊಟ್ಟದ್ದರ ಪ್ರಮಾಣ. ಹಿಡಿ ರಾಗಿಯನ್ನೂ ತುಂಬುಮನಸ್ಸಿನಿಂದ ಕೊಡಬಹುದು, ಆದ್ದರಿಂದ ‘ತುಂಬುಮನಸ್ಸು’ ಹೆಚ್ಚು ಹೊಂದುವ ವಿರುದ್ಧಪದ.

ವಸ್ತುವಿಗಷ್ಟೇ ಅಲ್ಲ, ಒಪ್ಪಿಗೆ, ರಜೆ, ಕ್ಷಮೆಗಳಿಗೂ ‘ಒಲ್ಲದ ಮನಸ್ಸು’ ಎಂಬ ಮಾತು ಒಗ್ಗುತ್ತದೆ: ‘ಅಪ್ಪ ಮದುವೆಗೆ ಒಲ್ಲದ ಮನಸ್ಸಿನಿಂದ ಒಪ್ಪಿದರು.’ ಹೊಗಳಿಕೆಯ ಜೊತೆ ಮಾತ್ರ ಅಷ್ಟಾಗಿ ಹೊಂದದು. ‘ಒಲ್ಲದ ಮನಸ್ಸಿನ ಮೆಚ್ಚುಗೆ’ ಎನ್ನುವುದಕ್ಕಿಂತ ‘ಮನಸ್ಸಿಲ್ಲದಿದ್ದರೂ ಮೆಚ್ಚಲೇಬೇಕಾಯಿತು’ ಎಂದರೆ ಕನ್ನಡದ ಜಾಯಮಾನಕ್ಕೆ ಹತ್ತಿರ.