ನಾಯಿ ಚಾಕಲೇಟ್ ತಿಂದರೆ ಕಾಯಬೇಡಿ

ಲ್ಯಾಬ್ರಡಾರ್ ನಾಯಿ ಒಂದು ಚೂರು ಮಿಲ್ಕ್ ಚಾಕಲೇಟ್ ತಿಂದರೆ ಮನೆಮಂದಿಯೆಲ್ಲ ಗಾಬರಿ ಬೀಳುತ್ತಾರೆ. ಪೊಮೇರಿಯನ್ ಅಡುಗೆಮನೆಯಲ್ಲಿ ಚೆಲ್ಲಿದ ಕೋಕೋ ಪುಡಿ ನೆಕ್ಕಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜವಾದ ಅಪಾಯ ಇರುವುದು ಎರಡನೆಯದರಲ್ಲಿ.

ತೊಂದರೆ ಕೊಡುವುದು ಕೊಕ್ಕೊ ಬೀಜದಲ್ಲಿರುವ ಥಿಯೋಬ್ರೊಮಿನ್, ಜೊತೆಗೊಂದಿಷ್ಟು ಕೆಫೀನ್. ನಾಯಿಯ ದೇಹದಲ್ಲಿ ಥಿಯೋಬ್ರೊಮಿನ್ ಅರ್ಧಕ್ಕೆ ಇಳಿಯಲೇ ಸುಮಾರು 17 ಗಂಟೆ ಹಿಡಿಯುತ್ತದೆ. ಒಂದು ಗ್ರಾಂ ಮಿಲ್ಕ್ ಚಾಕಲೇಟಿನಲ್ಲಿ ಈ ಎರಡೂ ಸೇರಿ 2 ಮಿಲಿಗ್ರಾಂನಷ್ಟಿದ್ದರೆ, ಡಾರ್ಕ್ ಚಾಕಲೇಟಿನಲ್ಲಿ 5ರ ಆಸುಪಾಸು, ಕೋಕೋ ಪುಡಿಯಲ್ಲಿ 25ಕ್ಕೂ ಹೆಚ್ಚು. ಬಿಳಿ ಚಾಕಲೇಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಭೇದಿ, ಚಡಪಡಿಕೆ. 40–50ಕ್ಕೆ ಹೃದಯದ ಬಡಿತ ತಪ್ಪುತ್ತದೆ. 60ರ ಮೇಲೆ ಫಿಟ್ಸ್ ಬರಬಹುದು. 5 ಕಿಲೋದ ಪೊಮೇರಿಯನ್‌ಗೆ 10 ಗ್ರಾಂ ಕೋಕೋ ಪುಡಿಯೇ ಹೃದಯಕ್ಕೆ ತಟ್ಟುವಷ್ಟಾಯಿತು. ಪುತ್ತೂರು, ಸುಳ್ಯದ ಕಡೆ ಅಂಗಳದಲ್ಲಿ ಕೊಕ್ಕೊ ಬೀಜ ಒಣಗಿಸುವವರೂ ನಾಯಿಯ ಮೇಲೆ ಕಣ್ಣಿಟ್ಟಿರಬೇಕು.

ಹಾಗಾಗಿ ಮೊದಲು ರ‍್ಯಾಪರ್ ಎತ್ತಿಟ್ಟುಕೊಳ್ಳಿ. ಯಾವ ಚಾಕಲೇಟ್, ಎಷ್ಟು ಗ್ರಾಂ, ಯಾವಾಗ ತಿಂದಿತು, ನಾಯಿಯ ತೂಕವೆಷ್ಟು ಎಂಬುದನ್ನು ಪಶುವೈದ್ಯರಿಗೆ ಫೋನಿನಲ್ಲೇ ಹೇಳಿದರೆ ಮನೆಯಲ್ಲೇ ನೋಡಿಕೊಳ್ಳಬಹುದೇ, ಕೂಡಲೇ ಕರೆತರಬೇಕೇ ಎಂದು ಅವರು ತಿಳಿಸುತ್ತಾರೆ. ಒಣದ್ರಾಕ್ಷಿ ಅಥವಾ ಸಕ್ಕರೆ ಬದಲಿಗೆ ಹಾಕುವ ಜೈಲಿಟಾಲ್ ಇದ್ದರೆ ತಪ್ಪದೆ ಹೇಳಿ. ನಾಯಿಗೆ ಅವೂ ವಿಷವೇ.

‘ನಾಯಿ ಚೆನ್ನಾಗಿಯೇ ಆಡಿಕೊಂಡಿದೆಯಲ್ಲ’ ಎಂದು ಕಾಯುವುದೇ ದೊಡ್ಡ ಅನಾಹುತ. ಲಕ್ಷಣ ಕಾಣಲು ಹಲವು ಗಂಟೆ ಬೇಕು. ವಾಂತಿ ಮಾಡಿಸಿ ಹೆಚ್ಚು ಪ್ರಯೋಜನ ಪಡೆಯಬಹುದಾದದ್ದು ಮೊದಲ ಒಂದೆರಡು ಗಂಟೆಗಳಲ್ಲಿ. ಆದರೆ ಅದು ವೈದ್ಯರ ಕೆಲಸ. ಉಪ್ಪುನೀರು ಕುಡಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ರಕ್ತದಲ್ಲಿ ಸೋಡಿಯಂ ಏರಿ ಅದರಿಂದಲೇ ನಾಯಿ ಸಾಯಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ.

ಈ ವಿಷಕ್ಕೆ ಪ್ರತಿವಿಷವಿಲ್ಲ. ವಾಂತಿಗೆ ಇಂಜೆಕ್ಷನ್, ವಿಷ ಹೀರಲು ಔಷಧದ ಇದ್ದಿಲು, ಡ್ರಿಪ್, ಬಡಿತ ಹತೋಟಿಗೆ ತರುವ ಮದ್ದು: ಚಿಕಿತ್ಸೆ ಇಷ್ಟೇ, ಆದರೆ ಬೇಗ ಶುರುವಾದರೆ ಬಹುತೇಕ ನಾಯಿಗಳು ಉಳಿದುಕೊಳ್ಳುತ್ತವೆ. ಮನೆಗೆ ಕಳಿಸಿದ ಮೇಲೆ ನೀರು ಧಾರಾಳವಾಗಿ ಇಡಿ, ಮೂತ್ರಕ್ಕೆ ಪದೇ ಪದೇ ಹೊರಗೆ ಕರೆದೊಯ್ಯಿರಿ. ಮೂತ್ರಕೋಶದಲ್ಲಿ ನಿಂತ ಥಿಯೋಬ್ರೊಮಿನ್ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ.