ದೋಣಿಕಟ್ಟೆಯ ಗಾಯಗಳು: ಹೊಣೆ ಯಾರದು?

ಖಾಸಗಿ ದೋಣಿಗಳನ್ನು ಬಾಡಿಗೆಗೆ ಕಟ್ಟಿಹಾಕುವ ತಾಣಕ್ಕೆ ಅಮೆರಿಕದಲ್ಲಿ ಮರಿನಾ ಎನ್ನುತ್ತಾರೆ. ಆ ದೇಶದ ಒಳನಾಡಿನ ದೊಡ್ಡ ಸರೋವರಗಳ ದಡದಲ್ಲೆಲ್ಲ ಇವು ಕಾಣಸಿಗುತ್ತವೆ. ನೀರಿನ ಮೇಲೆ ತೇಲುವ ಹಲಗೆಯ ಕಟ್ಟೆಗಳು, ಅವುಗಳ ಇಕ್ಕೆಲದಲ್ಲಿ ಸಾಲು ದೋಣಿಗಳು, ದೋಣಿಗಳಿಗೆ ಕರೆಂಟು ಮತ್ತು ನೀರಿನ ಸಂಪರ್ಕ, ಒಂದು ತುದಿಯಲ್ಲಿ ಪೆಟ್ರೋಲ್ ಪಂಪು, ದಡದಲ್ಲಿ ಅಂಗಡಿ. ವ್ಯಾಪಾರವೆಲ್ಲ ಬೇಸಿಗೆಯ ಕೆಲವೇ ತಿಂಗಳಲ್ಲಿ ನಡೆಯಬೇಕು. ರಜೆಯ ಗುಂಗಿನಲ್ಲಿ ಬಂದ ಜನ, ಬರಿಗಾಲಲ್ಲಿ ಓಡುವ ಮಕ್ಕಳು, ಒದ್ದೆ ಹಲಗೆ, ಪೆಟ್ರೋಲು, ಕರೆಂಟು ಎಲ್ಲ ಒಂದೇ ಕಡೆ ಸೇರುವುದರಿಂದ ಇಲ್ಲಿ ಗ್ರಾಹಕರು ಗಾಯಗೊಳ್ಳುವುದು ಅಪರೂಪವಲ್ಲ. ಗಾಯದ ಬೆನ್ನಿಗೇ ವಕೀಲರ ನೋಟಿಸು ಬರುವುದೂ ಅಪರೂಪವಲ್ಲ.

ಸಾಮಾನ್ಯವಾಗಿ ನಡೆಯುವುದು ಜಾರಿ ಬೀಳುವುದು, ಎಡವುವುದು. ಪಾಚಿ ಹಿಡಿದ ಹಲಗೆ, ಮೇಲೆದ್ದ ಮೊಳೆ, ದಾರಿಗೆ ಅಡ್ಡ ಬಿದ್ದ ನೀರಿನ ಪೈಪು, ಹಗ್ಗ ಸುತ್ತುವ ಕಬ್ಬಿಣದ ಗೂಟ, ಯಾವುದು ಬೇಕಾದರೂ ಮೂಳೆ ಮುರಿಯಬಲ್ಲದು. ಅಣೆಕಟ್ಟಿನ ಹಿಂದೆ ನಿಂತ ಸರೋವರಗಳಲ್ಲಿ ಇನ್ನೊಂದು ತೊಂದರೆಯಿದೆ. ನೀರು ಇಳಿದಂತೆ ತೇಲುಕಟ್ಟೆಯೂ ಇಳಿಯುತ್ತದೆ. ದಡದಿಂದ ಅದಕ್ಕೆ ಹಾಕಿದ ಕಾಲುಸೇತುವೆ ಕಡಿದಾಗುತ್ತದೆ. ವಸಂತದಲ್ಲಿ ಸಲೀಸಾಗಿ ನಡೆದುಹೋದ ದಾರಿ ಬೇಸಿಗೆಯ ಕೊನೆಗೆ ಜಾರುಬಂಡೆಯಾಗಿರುತ್ತದೆ.

ಇಂಥ ಪ್ರಕರಣಗಳಲ್ಲಿ ನ್ಯಾಯಾಲಯ ಮುಖ್ಯವಾಗಿ ಒಂದನ್ನು ಕೇಳುತ್ತದೆ: ಅಪಾಯ ಮಾಲೀಕನಿಗೆ ಗೊತ್ತಿತ್ತೇ, ಅಥವಾ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತೇ? ವ್ಯಾಪಾರಕ್ಕೆಂದು ಜನರನ್ನು ಕರೆದವನು ಜಾಗವನ್ನು ಆಗಾಗ ಪರೀಕ್ಷಿಸಬೇಕು, ಕೆಟ್ಟದ್ದನ್ನು ಸರಿಪಡಿಸಬೇಕು, ಅಲ್ಲಿಯವರೆಗೆ ಎಚ್ಚರಿಕೆಯ ಫಲಕವನ್ನಾದರೂ ಹಾಕಬೇಕು. ವಾರಗಟ್ಟಲೆ ಅಲುಗಾಡುತ್ತಿದ್ದ ಹಲಗೆಯ ಹೊಣೆಯಿಂದ ಅವನು ಸುಲಭಕ್ಕೆ ಪಾರಾಗುವುದಿಲ್ಲ. ಗಾಯಗೊಂಡವರ ಅಜಾಗರೂಕತೆಯೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಅವರ ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ.

ದೋಣಿ ಬಾಡಿಗೆಗೆ ಕೊಡುವ ಮುನ್ನ ಮರಿನಾಗಳು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ. ಏನೇ ಆದರೂ ದಾವೆ ಹೂಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಬೇಸಿಗೆಯ ರಜೆಯಲ್ಲಿ ಪಾಂಟೂನ್ ಎಂಬ ಚಪ್ಪಟೆ ವಿಹಾರದೋಣಿ ಹಿಡಿಯುವ ಅಲ್ಲಿನ ಕನ್ನಡ ಕುಟುಂಬಗಳೂ ಇದನ್ನು ಓದದೆ ಸಹಿ ಮಾಡುವುದುಂಟು. ಈ ಕಾಗದದ ಬಲ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಜೀನಿಯಾದ ನ್ಯಾಯಾಲಯಗಳು ಗಾಯದ ವಿಷಯದಲ್ಲಿ ಮುಂಗಡವಾಗಿ ಬರೆಸಿಕೊಂಡ ಇಂಥ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ. ಮಾನ್ಯ ಮಾಡುವ ರಾಜ್ಯಗಳಲ್ಲೂ ಘೋರ ನಿರ್ಲಕ್ಷ್ಯಕ್ಕೆ ಸಾಮಾನ್ಯವಾಗಿ ಅದರ ರಕ್ಷಣೆ ಸಿಗದು. ಸಹಿ ಹಾಕಿದ್ದೇವೆ, ಇನ್ನು ಕೇಳುವ ಹಕ್ಕಿಲ್ಲ ಎಂದು ಗಾಯಾಳು ಸುಮ್ಮನಾಗಬೇಕಿಲ್ಲ.

ನೋಟಿಸು ಬಂದ ಮಾತ್ರಕ್ಕೆ ದಾವೆ ಬಂದಂತಲ್ಲ. ನಡೆದದ್ದೇನು, ಆಸ್ಪತ್ರೆಯ ಖರ್ಚೆಷ್ಟು, ಕೇಳುವ ಮೊತ್ತವೆಷ್ಟು ಎಂದು ವಕೀಲರು ಬರೆಯುತ್ತಾರೆ. ಮಾಲೀಕ ಅದನ್ನು ವಿಮಾ ಕಂಪನಿಗೆ ದಾಟಿಸುತ್ತಾನೆ. ಬಹುಪಾಲು ಪ್ರಕರಣಗಳು ವಿಚಾರಣೆಯ ಮಟ್ಟಕ್ಕೆ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ. ಆದರೆ ಬೆದರಿಕೆ ಬಂದ ಗಳಿಗೆಯಿಂದ ಮುರಿದ ಹಲಗೆ, ಕ್ಯಾಮೆರಾ ದೃಶ್ಯ, ದುರಸ್ತಿಯ ದಾಖಲೆ ಎಲ್ಲವೂ ಸಾಕ್ಷ್ಯ. ಹಲಗೆ ಬದಲಿಸಿ ಹಳೆಯದನ್ನು ಸುಟ್ಟುಬಿಟ್ಟರೆ ನ್ಯಾಯಾಲಯ ಅದನ್ನು ಮಾಲೀಕನ ವಿರುದ್ಧವೇ ಎಣಿಸಬಹುದು.

ಕಣ್ಣಿಗೆ ಕಾಣದ ಅಪಾಯಗಳು ಇದಕ್ಕಿಂತ ಭೀಕರ. ಮೊದಲನೆಯದು ನೀರಿಗೆ ಸೋರುವ ಕರೆಂಟು. ಕಟ್ಟೆಯ ವೈರಿಂಗ್ ಅಥವಾ ಅಲ್ಲಿಗೆ ಜೋಡಿಸಿದ ದೋಣಿಯ ವೈರಿಂಗ್ ಕೆಟ್ಟು, ಅರ್ತಿಂಗ್ ಕೂಡ ಸರಿಯಿಲ್ಲದಿದ್ದರೆ ಸುತ್ತಲ ನೀರಿಗೆ ವಿದ್ಯುತ್ ಹರಿಯುತ್ತದೆ. ಸಮುದ್ರದ ಉಪ್ಪುನೀರು ಮನುಷ್ಯದೇಹಕ್ಕಿಂತ ಚೆನ್ನಾಗಿ ವಿದ್ಯುತ್ ಸಾಗಿಸುವುದರಿಂದ ಅಲ್ಲಿ ಕರೆಂಟು ಈಜುವವರ ಆಚೀಚೆ ಹಾದುಹೋಗುತ್ತದೆ. ಸರೋವರದ ಸಿಹಿನೀರಿನಲ್ಲಿ ಹಾಗಲ್ಲ, ದೇಹವೇ ಅದಕ್ಕೆ ಸುಲಭದ ದಾರಿ. ಹತ್ತಾರು ಮಿಲಿಆಂಪಿಯರ್ ಸಾಕು, ಸ್ನಾಯುಗಳು ಸೆಟೆದು ಈಜು ಬಲ್ಲವರೂ ಮುಳುಗುತ್ತಾರೆ. ದೇಹದ ಮೇಲೆ ಗುರುತು ಉಳಿಯದ ಕಾರಣ ಇಂಥ ಸಾವು ಬರೀ ಮುಳುಗುಸಾವೆಂದು ದಾಖಲಾಗಿಬಿಡಬಹುದು.

2012ರ ಜುಲೈ 4ರಂದು, ಸ್ವಾತಂತ್ರ್ಯ ದಿನದ ರಜೆಯಲ್ಲಿ, ಟೆನಿಸೀ ರಾಜ್ಯದ ಚೆರೋಕೀ ಸರೋವರದ ಮರಿನಾ ಒಂದರಲ್ಲಿ ಈಜುತ್ತಿದ್ದ 10 ಮತ್ತು 11 ವರ್ಷದ ಇಬ್ಬರು ಹುಡುಗರಿಗೆ ಹೀಗೆ ಕರೆಂಟು ಹೊಡೆದು ಇಬ್ಬರೂ ಉಳಿಯಲಿಲ್ಲ. ರಕ್ಷಿಸಲು ನೀರಿಗೆ ಇಳಿದವರಿಗೂ ಶಾಕ್ ತಗುಲಿತು. ಆ ಹುಡುಗರ ಹೆಸರಿನಲ್ಲೇ ರಾಜ್ಯ ಕಾನೂನು ಮಾಡಿತು. ಮರಿನಾಗಳಲ್ಲಿ ಸೋರಿಕೆ ಕಂಡೊಡನೆ ಟ್ರಿಪ್ ಆಗುವ ಸಾಧನ, ನಿಗದಿತ ಕಾಲಕ್ಕೆ ಪರಿಶೀಲನೆ, ಎಚ್ಚರಿಕೆಯ ಫಲಕ ಕಡ್ಡಾಯವಾದವು. ಇಬ್ಬರು ಮಕ್ಕಳ ಜೀವ ಹೋಗುವ ಮೊದಲೇ ಆಗಬೇಕಿದ್ದ ಕೆಲಸವಿದು. ಮರಿನಾದ ಒಳಗೆ ಈಜಲೇಬಾರದು. ನೀರಿನಲ್ಲಿ ಜುಮುಜುಮು ಅನಿಸಿದರೆ ಕಬ್ಬಿಣದ ಏಣಿ ಹಿಡಿಯದೆ, ಬಂದ ದಾರಿಯಲ್ಲೇ ಕಟ್ಟೆಯಿಂದ ದೂರ ಸರಿಯಬೇಕು. ಕಟ್ಟೆಯ ಮೇಲಿದ್ದವರು ನೀರಿಗೆ ಹಾರದೆ ಮೊದಲು ಮೇನ್ ಸ್ವಿಚ್ ಆರಿಸಬೇಕು.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಯೂಟಾ ಮತ್ತು ಅರಿಜೋನಾ ಗಡಿಯ ಪೊವೆಲ್ ಸರೋವರದಲ್ಲಿ 2000ದಲ್ಲಿ ದೋಣಿಮನೆಯೊಂದರ ಹಿಂಬದಿಯಲ್ಲಿ ಈಜುತ್ತಿದ್ದ ಇಬ್ಬರು ಸಹೋದರರು ಸತ್ತರು. ಜನರೇಟರಿನ ಹೊಗೆ ಹಿಂಬದಿಯ ಈಜುಹಲಗೆಯ ಕೆಳಗಿನ ಪೊಳ್ಳಿನಲ್ಲಿ ತುಂಬಿಕೊಳ್ಳುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರುವರ್ಷ ಅಮೆರಿಕದ ಕೋಸ್ಟ್ ಗಾರ್ಡ್ ಇಂಥ ವಿನ್ಯಾಸದ ದೋಣಿಮನೆಗಳನ್ನು ಸರಿಪಡಿಸಲು ತಯಾರಕರಿಂದ ಹಿಂದಕ್ಕೆ ತರಿಸಿತು.

ನಷ್ಟಕ್ಕೆ ಕಾರಣ ಕಟ್ಟೆಯಾಗದೆ ದೋಣಿಯಾದರೆ ದೋಣಿಯ ಮಾಲೀಕನ ಕೈಗೆ ಹಳೆಯ ಅಸ್ತ್ರವೊಂದು ಸಿಗುತ್ತದೆ. ಹಡಗು ವ್ಯಾಪಾರವನ್ನು ಬೆಳೆಸಲು 1851ರಲ್ಲಿ ಮಾಡಿದ ಕಾನೂನಿನ ಪ್ರಕಾರ, ತನಗೆ ತಿಳಿಯದೆ ನಡೆದ ಅವಘಡಕ್ಕೆ ಮಾಲೀಕನ ಹೊಣೆ ಅವಘಡದ ನಂತರ ಉಳಿದ ಹಡಗಿನ ಬೆಲೆಯನ್ನು ಮೀರುವುದಿಲ್ಲ. 1985ರಲ್ಲಿ ಮಿಶಿಗನ್ ಸರೋವರದ ಮರಿನಾ ಒಂದರಲ್ಲಿ ಕಟ್ಟಿದ್ದ ವಿಹಾರನೌಕೆಯ ಬಟ್ಟೆ ಒಗೆಯುವ ಯಂತ್ರದ ಜಾಗದಲ್ಲಿ ಬೆಂಕಿ ಹತ್ತಿತು. ನೌಕೆಯ ಜೊತೆಗೆ ಅಕ್ಕಪಕ್ಕದ ದೋಣಿಗಳೂ ಕಟ್ಟೆಯೂ ಸುಟ್ಟವು. ನಷ್ಟವಾದವರು ಕೇಳಿದ್ದು 2,75,000 ಡಾಲರಿಗೂ ಹೆಚ್ಚು; ಮಾಲೀಕ ತನ್ನ ಹೊಣೆ ಸುಟ್ಟುಳಿದ ನೌಕೆಯ ಬೆಲೆಯಾದ 800 ಡಾಲರ್ ಮಾತ್ರ ಎಂದ. ಮರಿನಾದ ಬೆಂಕಿ ಹಡಗು ವ್ಯಾಪಾರಕ್ಕೂ ಅಡ್ಡಿಯಾಗಬಲ್ಲದು, ಆದ್ದರಿಂದ ಅರ್ಜಿ ಕಡಲ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು.

ಮಿಸೌರಿಯ ಟೇಬಲ್ ರಾಕ್ ಸರೋವರದಲ್ಲಿ 2018ರ ಜುಲೈ 19ರಂದು ಬಿರುಗಾಳಿಗೆ ಪ್ರವಾಸಿ ದೋಣಿ ಮುಳುಗಿತು. ಅದರಲ್ಲಿದ್ದ 31 ಜನರಲ್ಲಿ 17 ಮಂದಿ ಸತ್ತಾಗಲೂ ಕಂಪನಿ ಇದೇ ಕಾನೂನಿನ ಮೊರೆಹೋಯಿತು. ಅಣೆಕಟ್ಟಿನ ಹಿಂದಿನ ಆ ಸರೋವರ ವ್ಯಾಪಾರದ ಜಲಮಾರ್ಗವಲ್ಲ ಎಂದು ಫೆಡರಲ್ ನ್ಯಾಯಾಧೀಶರು 2020ರಲ್ಲಿ ಅರ್ಜಿಯನ್ನು ತಳ್ಳಿಹಾಕಿದರು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 34 ಜನರನ್ನು ಬಲಿತೆಗೆದುಕೊಂಡ 2019ರ ದೋಣಿ ಬೆಂಕಿಯ ನಂತರ, 2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸಣ್ಣ ಪ್ರಯಾಣಿಕ ದೋಣಿಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟಿತು.

ಬಾಡಿಗೆ ಪ್ರಯಾಣಿಕರನ್ನು ಒಯ್ಯದ ಖಾಸಗಿ ವಿಹಾರದೋಣಿಗಳಿಗೆ 1851ರ ಕಾನೂನು ಇಂದಿಗೂ ಉಳಿದಿದೆ. ಅದರ ಆಸರೆ ಬೇಕಾದವನು ಪರಿಹಾರ ಕೇಳುವ ಲಿಖಿತ ನೋಟಿಸು ಕೈಸೇರಿದ ಆರು ತಿಂಗಳೊಳಗೆ ಫೆಡರಲ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಹಾಗಾಗಿ ನೋಟಿಸನ್ನು ಬರೀ ಬೆದರಿಕೆಯೆಂದು ಮೇಜಿನ ಖಾನೆಗೆ ಸೇರಿಸಿದರೆ ಆ ಅವಕಾಶ ಕೈತಪ್ಪುತ್ತದೆ.