ಮರ ಹತ್ತದೆ ಮರ ಅಳೆಯೋಣ



ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. 3ನೇ ಕ್ಲಾಸಿನವರೆಗೆ ನಾವೂ ಹಾಗೇ ಕಾರ್ಡು, ಹಾಡು, ಆಟದಿಂದ ಕಲಿತೆವು. ಈಗ 7ನೇ ಕ್ಲಾಸು. ಲೆಕ್ಕ ಬೋರ್ಡಿನ ಮೇಲೆ ಮಾತ್ರ. ಲೆಕ್ಕಕ್ಕೆ ಹೆದರಿ ಶಾಲೆ ತಪ್ಪಿಸುವವರೂ ನಮ್ಮಲ್ಲಿದ್ದಾರೆ. ಅದಕ್ಕೆ ಒಂದು ಉಪಾಯ ಹೇಳುತ್ತೇನೆ.

ಬಿಸಿಲಿನಲ್ಲಿ, ಸಮನಾದ ನೆಲದ ಮೇಲೆ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು 50 ಸೆಂಟಿಮೀಟರ್ ಬಿತ್ತು ಅಂದುಕೊಳ್ಳಿ. ಅಂದರೆ ಕೋಲು ನೆರಳಿನ ಎರಡರಷ್ಟು. ಆಗಲೇ ತೆಂಗಿನ ಮರದ ನೆರಳನ್ನೂ ಬುಡದಿಂದ ತುದಿವರೆಗೆ ಅಳೆಯಿರಿ. ಅದು 6 ಮೀಟರ್ ಇದ್ದರೆ ಮರ 12 ಮೀಟರ್! ಸೂರ್ಯನ ಕಿರಣ ಎರಡಕ್ಕೂ ಒಂದೇ ಓರೆಯಲ್ಲಿ ಬೀಳುತ್ತೆ, ಅದಕ್ಕೇ ಅನುಪಾತವೂ ಒಂದೇ. ತಡ ಮಾಡಿದರೆ ನೆರಳು ಬದಲಾಗುತ್ತೆ, ಲೆಕ್ಕ ತಪ್ಪುತ್ತೆ.

ಒಬ್ಬರು ಕೋಲು ಹಿಡಿಯಬೇಕು, ಇಬ್ಬರು ಟೇಪು ಹಿಡಿಯಬೇಕು, ಒಬ್ಬರು ಬರೆಯಬೇಕು. ಸುಮ್ಮನೆ ಕೂರೋರು ಯಾರೂ ಇರಲ್ಲ. ಗುರುಗಳೇ, ವಾರಕ್ಕೊಂದು ಗಣಿತದ ಪೀರಿಯಡ್ ಬಯಲಿನಲ್ಲಿ ಮಾಡಿ. ಹೆದರುವವರ ಕೈಗೇ ಮೊದಲು ಟೇಪು ಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ